ಮೊದಲ ಮಗಳ ಹೆಸರು

ಒಲೆಯ ಮೇಲೆ ಊಜಿ ಗಂಜಿ ಕುದಿಯುತ್ತಿತ್ತು. ಗಥೋನಿ ಸೌಟು ಆಡಿಸುತ್ತಿದ್ದಾಗ ಅವಳು ನಡೆಸುತ್ತಿದ್ದ ಹೆರಿಗೆ ಕೇಂದ್ರದಿಂದ ಫೋನ್ ಬಂತು.

"ಅಕ್ಕಾ, ಪರದೆ ಖಾಲಿ! ಒಬ್ಬ ಬಸುರಿಯ ನಂಬರೂ ಕಾಣ್ತಿಲ್ಲ."

ಗಥೋನಿ ಲ್ಯಾಪ್‌ಟಾಪ್ ತೆರೆದಳು. ಕೇಂದ್ರದ ದಾಖಲೆಗಳನ್ನೆಲ್ಲ ಇಟ್ಟಿದ್ದ ಕ್ಲೌಡ್ ಖಾತೆಯ ಚಂದಾ ನಿಷ್ಕ್ರಿಯವಾಗಿತ್ತು. ಸಂಜೆಯೊಳಗೆ ಮರಳಿ ಚಾಲೂ ಮಾಡದಿದ್ದರೆ ನ್ಯೇರಿಯ ಗುಡ್ಡಗಳಲ್ಲಿ ದಿನ ತುಂಬಿದ ಹೆಂಗಸರ ವಿಳಾಸವೆಲ್ಲ ಅಳಿಸಿಹೋಗುತ್ತಿತ್ತು.

ಖಾತೆ ಗಂಡ ಕಮಾಂಡೆಯದು. ಮದುವೆಗೂ ಮುಂಚೆ ತೆರೆದು, ಆಮೇಲೆ ಅವಳ ಕೆಲಸಕ್ಕೆ ಬಿಟ್ಟುಕೊಟ್ಟದ್ದು. ಈಗ ಅವನು ಎಂದಿನಂತೆ ಕೆಲಸದ ಮೇಲೆ ದೂರದ ಎಲ್ಡೊರೆಟ್ ಪಟ್ಟಣಕ್ಕೆ ಹೋಗಿದ್ದ. ಫೋನ್ ಆಫ್. 'ಮನೆಗಿಂತ ನಿನಗೆ ಆ ಬಸುರಿಯರೇ ಹೆಚ್ಚು' ಎಂದು ಗೊಣಗಿಯೇ ಹೊರಟಿದ್ದ. ಅವನೇ ನಿಲ್ಲಿಸಿದನೇ?

ಅವಳು ಸಹಾಯವಾಣಿಗೆ ಕರೆ ಮಾಡಿ ಸ್ಪೀಕರಿಗೆ ಹಾಕಿದಳು.

"ಯಾರೂ ನಿಲ್ಲಿಸಿಲ್ಲ ಮೇಡಂ. ಕಾರ್ಡಿನ ಅವಧಿ ಮುಗಿದು ತಾನಾಗೇ ನಿಂತಿದೆ," ಎಂದ ಅತ್ತಲಿನ ಹುಡುಗ.

ಗಥೋನಿಗೆ ನಾಚಿಕೆಯಾಯಿತು. ಎಂಥ ಗಂಡನನ್ನು ಅನುಮಾನಿಸಿದೆ! ಮೊದಲ ಹೆಣ್ಣುಮಗುವಿಗೆ ಗಂಡನ ತಾಯಿಯ ಹೆಸರು, ಎರಡನೆಯದಕ್ಕೆ ಹೆಂಡತಿಯ ತಾಯಿಯದು. ತಮ್ಮ ಕಿಕುಯು ಜನರಲ್ಲಿ ಯಾರೂ ಈ ಪದ್ಧತಿ ಮೀರುವುದಿಲ್ಲ. ಆದರೆ ಕಮಾಂಡೆ ಹಟ ಹಿಡಿದು ತಮ್ಮ ಮೊದಲ ಮಗುವಿಗೇ ಅವಳ ತಾಯಿಯ ಹೆಸರಿಟ್ಟಿದ್ದ: ನ್ಯಾವಿರಾ. ನೆಂಟರೆಲ್ಲ ಮೂಗು ಮುರಿದರು. ಅತ್ತೆ ವಂಗೆಚಿ ಮಾತ್ರ ಒಂದಿಷ್ಟೂ ಮುನಿಯಲಿಲ್ಲ.

"ಖಾತೆ ತೆರೆದಾಗ ಒಡೆಯರು ಇಟ್ಟ ಗುಟ್ಟಿನ ಪ್ರಶ್ನೆಗೆ ಉತ್ತರ ಹೇಳಿಬಿಡಿ, ಈಗಲೇ ಚಾಲೂ ಮಾಡ್ತೀನಿ, ಹೊಸ ಕಾರ್ಡ್ ಆಮೇಲೆ ಕೊಡಿ. ಮೊದಲ ಮಗಳ ಹೆಸರು?"

"ನ್ಯಾವಿರಾ," ಎಂದು ಅವಳು ನಕ್ಕಳು.

ಗಂಜಿಗೆ ಕಾದು ಕುಳಿತಿದ್ದ ಮಗಳು ತಲೆಯೆತ್ತಿ ಹಲ್ಲು ಬಿಟ್ಟಳು.

"ಅಲ್ಲ ಮೇಡಂ."

"ಅಲ್ವಾ? ಹೆತ್ತವಳು ನಾನಪ್ಪಾ!"

"ನಾನೇನು ಬಾಣಂತನ ಮಾಡಿದ್ದೀನಾ ಮೇಡಂ? ಕಂಪ್ಯೂಟರ್ ಒಪ್ತಿಲ್ಲ. ಇನ್ನೊಂದೇ ಅವಕಾಶ ಇರೋದು."

ಗಂಜಿ ತಳ ಹತ್ತಿ ಸೀಯತೊಡಗಿತು. ಗಥೋನಿ ಒಲೆಯತ್ತ ತಿರುಗಲಿಲ್ಲ. ಮದುವೆಗೂ ಮುಂಚೆ ತೆರೆದ ಖಾತೆ. ಮುನಿಯದ ಅತ್ತೆ.

"ಮೇಡಂ, ಲೈನಲ್ಲಿದ್ದೀರಾ?"

"ವಂಗೆಚಿ," ಎಂದಳು.

"ಹಾಂ, ಸರಿಯಾಯ್ತು ನೋಡಿ! ಚಾಲೂ ಆಯ್ತು. ಮಗಳ ಹೆಸರು ಮರೆತರೆ ಹೇಗೆ ಮೇಡಂ?"

ಪರದೆಯ ತುಂಬ ಬಸುರಿಯರ ಹೆಸರುಗಳು ಒಂದೊಂದಾಗಿ ಮರಳಿದವು. ನ್ಯಾವಿರಾ ಚಮಚ ಕೆಳಗಿಟ್ಟಳು.

"ಅಮ್ಮಾ, ಅಪ್ಪನಿಗೆ ನಾನು ಎಷ್ಟನೇ ಮಗಳು?"