ನಾಲ್ಕು ತೂತಿನ ಗುಂಡಿ

ಫೈಲಿನೊಳಗೆ ಮತ್ತೊಂದು ಬೂದು ಕೂದಲು ಸಿಕ್ಕಿತು. ಈ ವಾರ ಇದು ಮೂರನೆಯದು.

ಹೊಸ ಎಂಡಿ ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ದೊಡ್ಡಪ್ಪನದೇ, ಅನುಮಾನವೇ ಇಲ್ಲ. ಎಲ್ಲರ ಕೈ ಕುಲುಕಿ, ಕಣ್ಣು ಒರೆಸಿಕೊಂಡು ನಿವೃತ್ತರಾಗಿ ಎರಡು ತಿಂಗಳಾಯಿತು. ಆದರೂ ಎಲ್ಲೋ ಕೂತು ಕಾರ್ಖಾನೆ ನಡೆಸುತ್ತಿದ್ದಾರೆ.

ಫೈಲು ಮಕ್ಕಳ ಕೋಟಿನ ಗುಂಡಿಯದು. ಗುಂಡಿಗೆ ಎರಡು ತೂತೋ, ನಾಲ್ಕು ತೂತೋ ಎಂಬುದು ಪ್ರಶ್ನೆ. ಅವಳು ಎರಡು ಎಂದಿದ್ದಳು. ಕೆಳಗೆ ಯಂತ್ರಗಳು ಬೆಳಗ್ಗೆಯಿಂದ ನಾಲ್ಕು ತೂತಿನ ಗುಂಡಿಗಳನ್ನೇ ಉದುರಿಸುತ್ತಿದ್ದವು. ಹಾಳೆಯ ಮೂಲೆಯಲ್ಲಿ ನಾಲ್ಕು ನೀಲಿ ಮಚ್ಚೆಗಳಿದ್ದವು. ದೊಡ್ಡಪ್ಪನ ಪೆನ್ನು ಮೂವತ್ತು ವರ್ಷದಿಂದ ಸೋರುತ್ತಿತ್ತು. ಅವರು ಸಹಿ ಹಾಕುವ ಗೋಜಿಗೆ ಹೋಗದೆ ಶಾಯಿ ಮೆತ್ತಿದ ಬೆರಳುಗಳನ್ನು ಹಾಳೆಯ ಮೇಲೆ ಊರುತ್ತಿದ್ದರು. ಅದೇ ಒಪ್ಪಿಗೆ. ಮುಖ ತಿರುಗಿಸಿದರೆ ಒಪ್ಪಿಗೆ ಇಲ್ಲವೆಂದು ಅರ್ಥ. ಆಫೀಸಿನಲ್ಲಿ ಅವರು ಬಾಯಿ ಬಿಟ್ಟಿದ್ದನ್ನು ಕಂಡವರೇ ಕಡಿಮೆ.

ಇವಳು ಹಾಗಲ್ಲ. ಬಂದ ವಾರವೇ ಕೋಣೆಯ ಗೋಡೆ ಒಡೆಸಿ ಗಾಜು ಹಾಕಿಸಿದಳು. ದೊಡ್ಡಪ್ಪನ ಕುಳಿಬಿದ್ದ ಚರ್ಮದ ಕುರ್ಚಿಯನ್ನು ಹೊರಗೆ ಹಾಕಿಸಿದಳು. ಗೇಟಿನ ಕಾವಲುಗಾರ ಅದನ್ನು ತಲೆಯ ಮೇಲೆ ಹೊತ್ತುಕೊಂಡು ಹೋದ. ಅದರ ಜಾಗಕ್ಕೆ, ಬೆನ್ನಿಗೆ ಒಳ್ಳೆಯದೆಂದು, ದೊಡ್ಡದೊಂದು ರಬ್ಬರ್ ಚೆಂಡು ಬಂತು. ಅದರ ಮೇಲೆ ಕೂತು ಮೂವರು ವಿಭಾಗದ ಮುಖ್ಯಸ್ಥರನ್ನು ಕರೆದಳು.

"ಇನ್ಮೇಲೆ ಭಯ ಬೇಡ. ಏನಿದ್ರೂ ನೇರವಾಗಿ ನನ್ನ ಹತ್ರ ಬನ್ನಿ."

ಮಾತಿನ ಹುರುಪಿನಲ್ಲಿ ಅವಳು ಪುಟಿದಳು. ಎದುರಿಗಿದ್ದ ಮೂರು ತಲೆಗಳೂ ಮೇಲೆ ಕೆಳಗೆ ಆಡಿದವು. ಪಾಪ, ಅದನ್ನು ಒಪ್ಪಿಗೆ ಎಂದುಕೊಂಡಳು. ಮಾರನೆಯ ದಿನದಿಂದ ಒಬ್ಬರೂ ಅತ್ತ ತಲೆ ಹಾಕಲಿಲ್ಲ.

ಹಾಗೆಂದು ಕೆಲಸ ನಿಂತಿತೇ? ಇಲ್ಲ. ಅವಳ ಮೈ ಉರಿಸಿದ್ದೇ ಅದು. ಮಾಲು ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು. ಹೊಸ ಬಣ್ಣಗಳು ಬರುತ್ತಿದ್ದವು. ಗಿರಾಕಿಗಳು ಹಿಂದೆಂದಿಗಿಂತ ಖುಷಿಯಾಗಿದ್ದರು. ಎಲ್ಲವೂ ಅವಳನ್ನು ಕೇಳದೆಯೇ ನಡೆಯುತ್ತಿತ್ತು.

ಶುಕ್ರವಾರ ಪಾಲುದಾರರ ಸಭೆ. ಅವಳು ಎಂಡಿಯಾಗಿ ಉಳಿಯುವಳೋ, ಮಾದರಿ ಗುಂಡಿಗಳನ್ನು ರಟ್ಟಿಗೆ ಹೊಲಿಯುವ ಹಳೆಯ ಮೂಲೆ ಮೇಜಿಗೇ ವಾಪಸಾಗುವಳೋ ಎಂಬುದು ಅಂದೇ ತೀರ್ಮಾನ. ಹನ್ನೊಂದು ವರ್ಷ ಆ ಮೂಲೆಯಲ್ಲಿ ಕೂತು ಈ ಕೋಣೆಯನ್ನೇ ಆಸೆಗಣ್ಣಿನಿಂದ ನೋಡಿದವಳು ಅವಳು.

ಮಧ್ಯಾಹ್ನ ದೊಡ್ಡಪ್ಪನಿಗೆ ಫೋನು ಮಾಡಿದಳು.

"ದೊಡ್ಡಪ್ಪಾ, ಸತ್ಯ ಹೇಳಿ. ಫೈಲೆಲ್ಲ ನೀವೇ ನೋಡ್ತಿದೀರಾ?"

"ನಾನ್ಯಾಕೆ ನೋಡ್ಲಮ್ಮ? ಎದೆ ಉರಿ ಅಂತ ಹಾಲು ಕುಡ್ಕೊಂಡು ಬಿದ್ಕೊಂಡಿದೀನಿ."

"ಮತ್ತೆ ಇಲ್ಲಿ ತೀರ್ಮಾನ ತಗೊಳ್ತಿರೋರು ಯಾರು?"

"ನನ್ನ ಕಾಲದಲ್ಲಿ ಮಾತ್ರ ನಾನೇನು ಕಡಿದು ಕಟ್ಟೆ ಹಾಕಿದ್ದೆ? ಮೂವತ್ತು ವರ್ಷ ಕೂತಿದ್ದೆ. ಅಷ್ಟೇ." ದೀರ್ಘವಾಗಿ ಆಕಳಿಸಿ ಫೋನಿಟ್ಟರು.

ಎಂಥ ನಾಟಕ! ಅವಳು ಹಲ್ಲು ಕಚ್ಚಿಕೊಂಡಳು.

ಅಷ್ಟರಲ್ಲಿ ಅರೆತೆರೆದ ಗಾಜಿನ ಬಾಗಿಲಾಚೆ ಮಾರಾಟದ ಮುಖ್ಯಸ್ಥರು ಯಾರಿಗೋ ಫೋನಿನಲ್ಲಿ ಪಿಸುಗುಟ್ಟುವುದು ಕೇಳಿಸಿತು. "ಈಗ ಬರ್ಬೇಡ, ಸಾಹೇಬ್ರು ಮಲಗಿದಾರೆ. ನಾಲ್ಕು ಗಂಟೆಗೆ ಹಾಲು ಕುಡಿದ್ಮೇಲೆ ಬಾ. ನಿನ್ನೆ ನನ್ನ ಫೈಲು ಮೂಸೂ ನೋಡ್ಲಿಲ್ಲ ಮಾರಾಯ."

ಇನ್ನೇನು ಸಾಕ್ಷಿ ಬೇಕು? ಸಿಟ್ಟಿಗಿಂತ ಮೊದಲು ಅಳು ಬಂತು. ತನ್ನನ್ನು ಕೂರಿಸಿ ಆಟವಾಡಿಸುವುದಾದರೆ ಕೂರಿಸಿದ್ದಾದರೂ ಯಾಕೆ? ಮೂಗು ಒರೆಸಿಕೊಂಡು ರಾಜೀನಾಮೆ ಪತ್ರ ಬರೆದಳು. ಎರಡೇ ಸಾಲು. ದೊಡ್ಡಪ್ಪನ ಮುಖಕ್ಕೆ ಎಸೆದು, 'ನೀವೇ ಆಳಿಕೊಳ್ಳಿ' ಎಂದು ಹೇಳಿ ಬಂದುಬಿಡುವುದೆಂದು ಗಟ್ಟಿ ಮಾಡಿದಳು.

ನಾಲ್ಕು ಗಂಟೆಗೆ ಕ್ಯಾಂಟೀನಿನವನು ಹಾಲಿನ ಬಟ್ಟಲು ಹಿಡಿದು, ತುಳುಕದ ಹಾಗೆ ಹೆಜ್ಜೆ ಇಡುತ್ತಾ ಅಂಗಳ ದಾಟಿದ. ಅವಳು ಹಿಂದೆಯೇ ಹೊರಟಳು. ಅವನು ಗೇಟು ದಾಟಲಿಲ್ಲ. ಪಕ್ಕದ ಕಾವಲುಗಾರನ ಕೋಣೆಗೆ ಹೊಕ್ಕ.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಮೂವರು ಮುಖ್ಯಸ್ಥರು ಫೈಲು ಎದೆಗವಚಿಕೊಂಡು ಸಾಲಾಗಿ ನಿಂತಿದ್ದರು. ಅವರ ಹಿಂದೆ, ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದವರು ಸಾಕ್ಷಾತ್ ಪಾಲುದಾರರು, ಇಬ್ಬರೂ. ಎಲ್ಲರ ಮುಂದೆ, ಬಾಗಿಲಿಗೆ ಬೆನ್ನು ಹಾಕಿ, ದೊಡ್ಡಪ್ಪನ ಎತ್ತರದ ಚರ್ಮದ ಕುರ್ಚಿಯಿತ್ತು.

"ನಾಚಿಕೆ ಆಗ್ಬೇಕು ನಿಮ್ಗೆ!" ಅವಳ ಗಂಟಲು ಬಿರಿಯಿತು.

"ಶ್! ಮೆತ್ತಗೆ ಮೇಡಂ," ಎಂದು ಮಾರಾಟದ ಮುಖ್ಯಸ್ಥರು ಬೆವರಿದರು. "ಈಗಷ್ಟೇ ಎದ್ದಿದಾರೆ."

ಅವಳು ಎಲ್ಲರನ್ನೂ ತಳ್ಳಿಕೊಂಡು ಮುಂದೆ ಹೋಗಿ, ರಾಜೀನಾಮೆ ಪತ್ರವನ್ನು ಕುರ್ಚಿಯೊಳಕ್ಕೆ ಎಸೆದಳು.

ಮೂವತ್ತು ವರ್ಷದ ಆ ಕುಳಿಯಿಂದ ಬೂದು ಬಣ್ಣದ ಬೆಕ್ಕೊಂದು ಎದ್ದು ಮೈ ಮುರಿಯಿತು. ಕಾವಲುಗಾರ ಗೇಟ್ ಪಾಸಿನ ನೀಲಿ ಸ್ಟಾಂಪ್ ಪ್ಯಾಡನ್ನು ಎರಡೂ ಕೈಯಲ್ಲಿ ಹಿಡಿದು ಅದರ ಮುಂಗಾಲಿನ ಬಳಿ ಇಟ್ಟ. ಬೆಕ್ಕು ಪತ್ರವನ್ನು ಮೂಸಿತು, ಅವಳನ್ನೊಮ್ಮೆ ನೋಡಿತು, ಮುಖ ತಿರುಗಿಸಿತು.

"ಸಾಹೇಬ್ರು ರಾಜೀನಾಮೆ ಒಪ್ಲಿಲ್ಲ," ಎಂದು ಹಿರಿಯ ಪಾಲುದಾರರು ನಿಟ್ಟುಸಿರು ಬಿಟ್ಟರು. "ಇನ್ನು ಶುಕ್ರವಾರದ ಸಭೆ ಯಾಕಮ್ಮ? ನೀನೇ ಎಂಡಿ."