ಹೇಗೋ ಓಪನ್ ಆದ ಪ್ರೋಗ್ರಾಂ

ಚಹಾ ಆರಿದರೂ ಪರವಾಗಿಲ್ಲ, ಇದನ್ನೊಮ್ಮೆ ಪೂರ್ತಿ ಓದಿ...

ಮಂಗಳೂರಿನ ಒಂದು ಆಸ್ಪತ್ರೆ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ವಾರ್ಡು.

ಅಂಗೈಯಷ್ಟಿರುವ ಮಗುವಿಗೆ ಎಷ್ಟು ಡ್ರಿಪ್ ಹೋಗಬೇಕು ಎಂದು ಲೆಕ್ಕ ಹಾಕಿಕೊಡುವ ಪೈಥಾನ್ ಭಾಷೆಯ ಕಂಪ್ಯೂಟರ್ ಪ್ರೋಗ್ರಾಂ ಅಲ್ಲಿತ್ತು. ಅದನ್ನು ಬರೆದವಳು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಹರಿಣಾಕ್ಷಿ.

ಆ ಮಧ್ಯಾಹ್ನ ವಾರ್ಡಿಗೆ ಹೊಸ ಕಂಪ್ಯೂಟರ್ ಬಂದಿತ್ತು. ಹರಿಣಾಕ್ಷಿ ಇನ್‌ಸ್ಟಾಲ್ ಒತ್ತಿದಳು... ಸ್ಕ್ರೀನ್ ತುಂಬಾ ಕೆಂಪು ಅಕ್ಷರ!

"ಎಂತ ಮಾರಾಯ್ತಿ, ಕಂಪ್ಯೂಟರಿಗೂ ಜ್ವರವಾ?" ನರ್ಸ್ ಲವೀನಾ ನಕ್ಕರು.

ಹರಿಣಾಕ್ಷಿಗೆ ನಗು ಬರಲಿಲ್ಲ.

ಲೆಕ್ಕ ಬೇಗ ಆಗಲಿ ಎಂದು ಪ್ರೋಗ್ರಾಂನ ಒಂದು ಭಾಗವನ್ನು ಅವಳು ಸಿ ಭಾಷೆಯಲ್ಲಿ ಬರೆದಿದ್ದಳು. ಅದನ್ನು ಆಯಾ ಕಂಪ್ಯೂಟರಿಗೆ ಹೊಂದುವಂತೆ ಯಂತ್ರದ ಭಾಷೆಗೆ ತಿರುಗಿಸಿ ಕಂಪೈಲ್ ಮಾಡಬೇಕು. ಅದಕ್ಕೆ ಯಾವ ಲೈಬ್ರರಿ, ಅಂದರೆ ಮೊದಲೇ ಬರೆದಿಟ್ಟ ಯಾವ ಸಿದ್ಧ ಕೋಡ್ ಬೇಕು, ಯಾವ ವರ್ಷನ್ ಬೇಕು ಎಂದು ಪ್ಯಾಕೇಜಿನೊಳಗೇ ಬರೆದಿಡಬೇಕು.

ಅವಳು ಬರೆದಿರಲೇ ಇಲ್ಲ... ಅವಳ ಲ್ಯಾಪ್‌ಟಾಪಿನಲ್ಲಿ ಅವೆಲ್ಲ ಮೊದಲೇ ಇದ್ದವಲ್ಲ!

ಬಾಗಿಲಲ್ಲಿ ಡಾಕ್ಟರ್ ಕಾಣಿಸಿಕೊಂಡರು. "ಈಗಷ್ಟೇ ಒಂದು ಮಗು ಬಂದಿದೆ. ಆಗ್ತದಾ ಇಲ್ವಾ ಹರಿಣಾಕ್ಷಿ?"

"ಆ... ಆಗ್ತದೆ ಡಾಕ್ಟ್ರೇ."

ನಿಜ ಹೇಳಲು ಹೆದರಿಕೆ. 'ಇಷ್ಟೂ ಗೊತ್ತಿಲ್ವಾ ಇವಳಿಗೆ' ಅಂದುಬಿಟ್ಟರೆ?

ತನ್ನ ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಆಗಿದ್ದ ಫೈಲನ್ನೇ ಪೆನ್‌ಡ್ರೈವಿನಲ್ಲಿ ತಂದು ಹಾಕಿದಳು. ಪ್ರೋಗ್ರಾಂ ಓಪನ್ ಆಯಿತು! ಎಲ್ಲರಿಗೂ ನೆಮ್ಮದಿ.

ಆದರೆ ಮೆಟ್ಟಿಲಿಳಿಯುವಾಗ ಅವಳಿಗೆ ಒಂದು ಮಾತು ಫಕ್ಕನೆ ಹೊಳೆಯಿತು...

ಲ್ಯಾಪ್‌ಟಾಪಿನ ಲೈಬ್ರರಿ ಹಳೆಯದು. ಇಲ್ಲಿ ಕಂಪ್ಯೂಟರಿನ ಜೊತೆ ಬಂದದ್ದು ಹೊಸದು. ಎರಡೂ ಹೊಂದದಿದ್ದರೆ? ಕೆಂಪು ಅಕ್ಷರ ಬರದೆಯೂ ತಪ್ಪು ಅಂಕಿ ಬರಬಹುದು. ಯಾರಿಗೂ ಗೊತ್ತೇ ಆಗುವುದಿಲ್ಲ!

ಎದ್ದೆನೋ ಬಿದ್ದೆನೋ ಎಂದು ವಾಪಸ್ ಓಡಿದಳು. ಹೊರಗೆ ಬೆಂಚಿನಲ್ಲಿ ಕೂತಿದ್ದ ಬಾಣಂತಿ ಗಾಬರಿಯಾಗಿ ಎದ್ದು ನಿಂತಳು.

"ಸಿಸ್ಟರ್... ಶುರು ಮಾಡ್ಬೇಡಿ!"

ಲವೀನಾ ಅವರ ಬೆರಳು ಡ್ರಿಪ್ ಮಿಷಿನಿನ ಬಟನ್ ಮೇಲೆಯೇ ಇತ್ತು.

ಹರಿಣಾಕ್ಷಿ, ಉತ್ತರ ಗೊತ್ತಿದ್ದ ಹಳೆಯ ಲೆಕ್ಕವೊಂದನ್ನು ಹಾಕಿ ನೋಡಿದಳು. ಬರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬಂತು...

ಮಗುವಿನ ಪಕ್ಕದಲ್ಲಿದ್ದ ಡಾಕ್ಟರ್ ಕಡೆ ತಿರುಗಿದಳು.

"ತಪ್ಪು ನನ್ನದು ಡಾಕ್ಟ್ರೇ. ಹೆದರಿ ಏನೋ ಒಂದು ಮಾಡಿ ಹೋದೆ. ಬೇಕಾದ್ದನ್ನೆಲ್ಲ ವರ್ಷನ್ ಸಮೇತ ಬರೆದು, ಇಲ್ಲೇ ಹೊಸದಾಗಿ ಕಂಪೈಲ್ ಮಾಡ್ತೇನೆ. ಹಳೆ ಲೆಕ್ಕ ಎಲ್ಲ ತಾಳೆ ನೋಡದೆ ನಿಮ್ಮ ಕೈಗೆ ಕೊಡುವುದಿಲ್ಲ."

ಬೈಗುಳ ಬೀಳುತ್ತದೆಂದು ತಲೆ ತಗ್ಗಿಸಿ ನಿಂತಳು.

ಡಾಕ್ಟರ್ ಮಗುವಿನ ಹೊದಿಕೆ ಸರಿಮಾಡಿದರು. ಆಮೇಲೆ ಮೆಲ್ಲಗೆ ಅಂದರು: "ಅಲ್ಲಿವರೆಗೆ ನಾವು ಕೈಯಲ್ಲೇ ಲೆಕ್ಕ ಹಾಕುವ. ನೀವು ನಿಧಾನಕ್ಕೆ ಮಾಡಿ... ವಾಪಸ್ ಬಂದ್ರಲ್ಲ, ಅದು ದೊಡ್ಡದು."

ಲವೀನಾ ಮಿಷಿನ್ ಆಫ್ ಮಾಡಿದರು. "ನಾನು ಒತ್ತಿಯೇ ಬಿಡ್ತಿದ್ದೆ ಮಾರಾಯ್ತಿ..."

ಲ್ಯಾಪ್‌ಟಾಪ್ ತರಲು ಹೊರಬಂದ ಹರಿಣಾಕ್ಷಿಯನ್ನು ಬಾಣಂತಿ ತಡೆದಳು. "ಮೇಡಂ, ಯಾಕೆ ಹಾಗೆ ಓಡಿದ್ದು? ನನ್ನ ಮಗುವಿಗೆ ಎಂತಾದ್ರೂ...?"

"ಎಂತ ಆಗ್ಲಿಲ್ಲ ಅಕ್ಕ... ಎಂತ ಆಗ್ಲಿಲ್ಲ..." ಎನ್ನುತ್ತಲೇ ಹರಿಣಾಕ್ಷಿ ಬಿಕ್ಕಿ ಬಿಕ್ಕಿ ಅತ್ತಳು.

ಏನೊಂದೂ ಅರಿಯದ ಆ ತಾಯಿ ತನ್ನ ಸೆರಗಿನಿಂದ ಅವಳ ಕಣ್ಣೊರೆಸಿದಳು.

ಹೆದರಿ ಮುಚ್ಚಿಟ್ಟ ತಪ್ಪು ಬೇರೆಯವರ ಜೀವಕ್ಕೆ ಸಂಚಕಾರ ತರುತ್ತದೆ. ಹೆದರುತ್ತಲೇ ಒಪ್ಪಿಕೊಂಡ ತಪ್ಪು ನಮ್ಮ ಕಣ್ಣೀರಿನಲ್ಲೇ ಮುಗಿಯುತ್ತದೆ.

ಇವತ್ತು ನೀವು 'ಹೇಗೋ ಆಯ್ತಲ್ಲ, ಬಿಡು' ಎಂದು ಬಿಟ್ಟು ಬಂದ ಕೆಲಸ ಯಾವುದು?