ಗಾಡಿಯ ನಿಂಬೆಹಣ್ಣು

ಸೊಸೆ ಉಜ್ವಲಾ ಹೊಸ ಎಲೆಕ್ಟ್ರಿಕ್ ಸ್ಕೂಟರುಗಳ ಬಣ್ಣ ನೋಡುತ್ತಿದ್ದರೆ, ಅಕ್ಕುತಾಯಿ ಅಂಗಡಿಯ ಹಿಂದೆ ರಿಪೇರಿಗೆ ನಿಂತಿದ್ದ ಗಾಡಿಗಳ ಮುಂದೆ ಬಗ್ಗಿದ್ದಳು. ಒಂದೊಂದಕ್ಕೂ ಕಟ್ಟಿದ್ದ ನಿಂಬೆಹಣ್ಣನ್ನು ಹಿಚುಕಿ ನೋಡಿದಳು. ಎಲ್ಲವೂ ಒಣಗಿ ಕಲ್ಲಾಗಿದ್ದವು.

“ಮನಿಯಾಗಿದ್ರ ಅಮಾಸಿಗೊಮ್ಮೆ ಹೊಸಾದು ಕಟ್ಟತಾರ. ಇವು ಬಂದು ಎಷ್ಟು ಅಮಾಸಿ ಆದುವ್ರಿ?”

“ಪಾರ್ಟು ಬರಬೇಕ್ರಿ,” ಎಂದು ಮಾಲೀಕ ಮತ್ತೆ ಮೈಲೇಜಿನ ಮಾತಿಗೆ ಹೊರಳಿದ.

ಚಿಕ್ಕೋಡಿಯ ಇನ್ನೊಂದು ಗಲ್ಲಿಯಲ್ಲಿದ್ದ ಲಖನನ ಅಂಗಡಿಯಲ್ಲಿ ಹೊಸ ಗಾಡಿಗಳು ಮೂರೇ ಇದ್ದವು. “ದಿನಾ ಕಬ್ಬೂರಿಂದ ಇಲ್ಲಿ ಸಾಲ್ಯಾಗ ಮಕ್ಕಳಿಗೆ ಕಲಿಸಾಕ ಬರಬೇಕ್ರಿ. ಗಾಡಿ ತಿಂಗಳಗಟ್ಟಲೆ ನಿಂತ್ರ ನನ್ನ ನೌಕರಿ ಹೋಗತೈತಿ,” ಎಂದು ಉಜ್ವಲಾ ಅವನಿಗೆ ಹೇಳುವಷ್ಟರಲ್ಲಿ ಅತ್ತೆ ಹಿಂದಕ್ಕೆ ಹೋಗಿಯಾಗಿತ್ತು. ಇಲ್ಲಿನ ನಿಂಬೆಹಣ್ಣುಗಳು ಇನ್ನೂ ಹಳದಿ, ಜೊತೆಗಿದ್ದ ಮೆಣಸಿನಕಾಯಿ ಹಸಿರು. ಮೂಲೆಯ ಒಂದು ಗಾಡಿಯದು ಮಾತ್ರ ಸುಕ್ಕಾಗಿ ಕಪ್ಪಗಾಗಿತ್ತು.

“ಇದ್ಯಾಕ ಹಿಂಗ ನಿಂತೈತಿ, ತಮ್ಮಾ?”

ಲಖನ ತಲೆ ಕೆರೆದುಕೊಂಡ. “ಅದು ನಂದ್ರಿ, ಆಯಿ. ಗಿರಾಕಿ ಗಾಡಿ ಮುಗದ ಮ್ಯಾಲ ನೋಡೂಣು ಅಂತ ಬಿಟ್ಟೀನ್ರಿ. ನಾ ಸೈಕಲ್ ಮ್ಯಾಲ ಬರತೇನ್ರಿ.”

ಅಕ್ಕುತಾಯಿ ಸೊಸೆಯ ಕಡೆ ತಿರುಗಿದಳು.

“ಬಣ್ಣ ನೀ ಆರಿಸವಾ.”